ಐದು ಉತ್ತತ್ತಿ

ಮಾಲಾ ಐದನೆಯ ಉತ್ತತ್ತಿಯ ಬೀಜವನ್ನು ಕಿಟಕಿಯಾಚೆ ಉಗುಳುವ ಹೊತ್ತಿಗೆ ಕ್ರೂಸರ್ ಗಾಡಿ ಗೋಕಾಕ ದಾಟಿ ಕಾಡಿನ ದಾರಿಗೆ ಹೊರಳಿತ್ತು. ಹೊನವಾಡ ಬಿಟ್ಟಾಗ ಇನ್ನೂ ನಸುಕು. ನಾಷ್ಟಾ ಇಲ್ಲ, ಏನಿಲ್ಲ. ಕಾಲ ಬಳಿಯ ಚೀಲದಲ್ಲಿ ಹಸಿರು ಬಟ್ಟೆಯ ಗಂಟೊಂದು ಸಿಕ್ಕಿತ್ತು. ಬಿಚ್ಚಿದರೆ ಅಕ್ಕಿಯ ಮೇಲೆ ಉತ್ತತ್ತಿ, ಕೊಬ್ಬರಿ ಬಟ್ಟಲು! ಹಸಿದ ಹೊಟ್ಟೆ ಯಾರನ್ನು ಕೇಳುತ್ತದೆ?

"ಏನ ತಿನ್ನಾಕತ್ತೀ ಬೇ?" ಮುಂದಿನ ಸೀಟಿನಿಂದ ಅಜ್ಜಿ ಹೊಳೆವ್ವ ಕೇಳಿದಳು.

"ಏನಿಲ್ಲ ಆಯಿ, ಚಾಕ್ಲೇಟ್," ಎಂದು ಮಾಲಾ ಗಂಟನ್ನು ಮೊದಲಿನಂತೆ ಕಟ್ಟಿಟ್ಟು ಬಾಯಿ ಒರೆಸಿಕೊಂಡಳು. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುತ್ತಿದ್ದಳು.

ಅವರು ನೋಡಲು ಹೊರಟಿದ್ದ ಫಾಲ್ಸ್‌ವರೆಗೆ ಗಾಡಿ ಹೋಗುವುದಿಲ್ಲ. ಮರಗಳ ನಡುವೆ ಎರಡು ಕಿಲೋಮೀಟರ್ ನಡೆಯಬೇಕು. ಗಾಡಿ ಓಡಿಸಿಕೊಂಡು ಬಂದ ಧರ್ಮರಾಜ ಕಾಕಾ ಬುತ್ತಿ ಹಿಡಿದು ಮುಂದೆ ನಡೆದ. ಆಯಿ ಮೊಣಕಾಲು ಹಿಡಿದು ಹಿಡಿದು ಹೆಜ್ಜೆ ಹಾಕುತ್ತಿದ್ದಳು.

"ಇಷ್ಟ ತ್ರಾಸ ತಗೊಂಡು ಯಾಕ ಬಂದಿ ಆಯಿ? ಮೊಬೈಲ್‌ನ್ಯಾಗ ಫಾಲ್ಸ್ ನೋಡಿದ್ರ ಆಗ್ತಿರಲಿಲ್ಲೇನು?"

"ಮೊಬೈಲಿಗೆ ಉಡಿ ತುಂಬಾಕ ಬರ್ತೈತೇನ ಹುಚ್ಚಿ?" ಆಯಿ ನಕ್ಕಳು. "ಹ್ವಾದ ವರ್ಷ ನಿನಗ ಡೆಂಗಿ ಬಂದಿತ್ತು ನೋಡು. ವಿಜಯಪುರದ ದವಾಖಾನ್ಯಾಗ ಇದ್ದಿ. ನನ್ನ ಕೂಸ ಎದ್ದ ಕುಂತರ, ತುಂಬಿ ಹರಿಯೋ ಗಂಗವ್ವಗ ಉಡಿ ತುಂಬತೇನಿ ಅಂತ ಆವಾಗ ಬೇಡಿಕೊಂಡಿದ್ದೆ. ಕೊಬ್ಬರಿ, ಉತ್ತತ್ತಿ ಎಲ್ಲಾ ಚಲೋ ಚಲೋವು ಆರಿಸಿ ಕಟ್ಟೇನಿ."

ನಡೆಯುತ್ತಿದ್ದ ಮಾಲಾ ನಿಂತುಬಿಟ್ಟಳು. ಅಯ್ಯೋ, ಅದು ಉಡಿಯ ಗಂಟು! ಅವ್ವನ ತವರಿನಲ್ಲಿ ಅವಳ ಮಡಿಲಿಗೆ ಉಡಿ ತುಂಬುವುದನ್ನು ಎಷ್ಟು ಸಲ ನೋಡಿದ್ದಳು! ಅದೇ ಅಕ್ಕಿ, ಅದೇ ಕೊಬ್ಬರಿ, ಅದೇ ಐದು ಉತ್ತತ್ತಿ.

ಆ ಮರ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಮರ ದಾಟಿತು. ಆ ಬಂಡೆ ದಾಟಿದ ಮೇಲೆ ಎಂದುಕೊಂಡಳು. ಅಷ್ಟರಲ್ಲಿ ಫಾಲ್ಸೇ ಬಂದುಬಿಟ್ಟಿತು.

ಹಸಿರು ಗಿಡಗಳ ನಡುವಿನಿಂದ ನೀರು ಬೆಳ್ಳಗೆ ಧುಮುಕುತ್ತಿತ್ತು. ತುಂತುರು ಮುಖಕ್ಕೆ ಹೊಡೆಯಿತು.

"ಯಪ್ಪಾ! ಏಟ ನೀರ ಬೇ, ಏಟ ನೀರ!" ಆಯಿ ಕೈಮುಗಿದು ನಿಂತಳು. ಆಮೇಲೆ ದಂಡೆಯಲ್ಲಿ ಕುಳಿತು ಗಂಟು ಬಿಚ್ಚಿದಳು. ಅಕ್ಕಿ ಇತ್ತು, ಅರಿಷಿಣದ ಬೇರು ಇತ್ತು. ಆಯಿ ಚೀಲ ಕೊಡವಿದಳು. ಇನ್ನೊಮ್ಮೆ ಕೊಡವಿದಳು. ಅವಳ ಮುಖ ಸಣ್ಣದಾಯಿತು.

"ಗಾಡ್ಯಾಗ ಬಿದ್ದಿರಬೇಕ ತಡಿ ಯವ್ವಾ, ಹೋಗಿ ತರತೇನಿ," ಎಂದು ಕಾಕಾ ಚಪ್ಪಲಿ ಮೆಟ್ಟಿದ.

ಮತ್ತೆ ಅಷ್ಟು ದೂರ! ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಾಲಾಳಿಗೆ ತಡೆಯಲಾಗಲಿಲ್ಲ.

"ಕಾಕಾ, ಹೋಗಬ್ಯಾಡ. ನಾನ ತಿಂದೇನಿ. ಉಡೀದು ಅಂತ ಗೊತ್ತಿರಲಿಲ್ಲ ಆಯಿ. ಭಾಳ ಹಸಿವಾಗಿತ್ತು."

"ಐದೂ ತಿಂದಿ?"

"ಐದೂ."

"ಕೊಬ್ಬರಿ?"

"ಅದೂ..." ಮಾಲಾ ಅತ್ತೇಬಿಟ್ಟಳು.

ಆಯಿ ಸೆರಗಿನಿಂದ ಅವಳ ಕಣ್ಣೊರೆಸಿದಳು. ಆಮೇಲೆ ನೀರಿನ ಕಡೆ ತಿರುಗಿದಳು.

"ಗಂಗವ್ವಾ, ನಿನ್ನ ಉಡಿ ಈಕಿ ತಿಂದಾಳ ನೋಡು. ಸಿಟ್ಟಾಗಬ್ಯಾಡ ತಾಯಿ. ಆ ಜ್ವರದಾಗ ಎಂಟ ದಿನ ಈಕಿ ಒಂದ ಚಮಚ ಗಂಜಿ ನುಂಗಿರಲಿಲ್ಲ. ಬಾಯಾಗ ಒಂದ ತುತ್ತ ಇಳೀಲಿ ಅಂತನ ನಾ ನಿನ್ನ ಬೇಡಿದ್ದು."

ಉಳಿದ ಅಕ್ಕಿ, ಅರಿಷಿಣವನ್ನು ಇಬ್ಬರೂ ಕೂಡಿ ನೀರಿಗೆ ಬಿಟ್ಟರು. ಕಾಕಾ ಬುತ್ತಿ ಬಿಚ್ಚಿದ. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಆಯಿ ರೊಟ್ಟಿ ಮುರಿದು ತುತ್ತು ಮಾಡಿ ಮಾಲಾಳ ಬಾಯಿಯ ಹತ್ತಿರ ತಂದಳು. ಕೊಬ್ಬರಿ ತಿಂದ ಹೊಟ್ಟೆ ಇನ್ನೂ ಭಾರವಾಗಿತ್ತು. ಬೇಡ ಎನ್ನಬೇಕೆಂದಿದ್ದ ಮಾಲಾ ಆಯಿಯ ಮುಖ ನೋಡಿದಳು. ಆ ಎಂಟು ದಿನವೂ ಆಯಿ ಹೀಗೇ ಚಮಚ ಹಿಡಿದು, ಮಾಲಾಳ ಬಾಯನ್ನೇ ನೋಡುತ್ತ ಕುಳಿತಿರಬೇಕು.

ಮಾಲಾ ತುತ್ತು ನುಂಗಿದಳು.

"ಇನ್ನೊಂದ ಕೊಡ ಆಯಿ," ಎಂದಳು.