ಸೋಮವಾರ ಉಳಿದ ಮಾತ್ರೆಗಳು

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 10.20ಕ್ಕೆ ಡಾ. ಮಾಲಿನಿ ಕೊಳ್ಳೇಗಾಲದ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಷಡಕ್ಷರಿಯವರ ಮೇಜಿನ ಮೇಲೆ ದೂರಿನ ಹಾಳೆ ಇಟ್ಟರು. ಊರಿನ ಖಾಸಗಿ ಘಟಕವೊಂದರಲ್ಲಿ ಮೂರ್ಛೆರೋಗದ ಹೊಸ ಔಷಧವನ್ನು ರೋಗಿಗಳ ಮೇಲೆ ಪ್ರಯೋಗಿಸಿ ನೋಡುತ್ತಿದ್ದವರು ಅವರು. ಔಷಧಕ್ಕೆ ಇನ್ನೂ ಹೆಸರಿರಲಿಲ್ಲ, ಎಂ-417 ಎಂಬ ಗುರುತು ಮಾತ್ರ. ಬೀರುವಿನಿಂದ ಎರಡು ಬಾಟಲಿ ಕಾಣೆಯಾಗಿದ್ದವು.

"ಬೆಲೆಬಾಳುವಂಥದ್ದಾ?"

"ಅಂಗಡಿಗೇ ಬಂದಿಲ್ಲ. ಬೇರೆ ಕಡೆ ಮೂರು ಜನರ ಲಿವರ್ ಕೆಟ್ಟಿದೆ. ಹೋದ ವಾರ ಪ್ರಯೋಗ ನಿಲ್ಲಿಸಿ ಬಾಟಲಿಗಳನ್ನೆಲ್ಲ ವಾಪಸ್ ತರಿಸಿದೆವು. ಅವನ್ನು ಈಗ ಯಾರೋ ನುಂಗುತ್ತಿದ್ದರೆ, ಬೇಗ ಬಿಡಿಸಬೇಕು."

"ನಿಮ್ಮ ನೌಕರರಿಗೆ ಇದು ಗೊತ್ತಾ?"

"ನಿಂತಿದೆ ಅಂತ ಗೊತ್ತು. ಯಾಕೆ ಅಂತ ಹೇಳಿಲ್ಲ."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಘಟಕದಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀ ಮೇಜಿನ ಖಾನೆಯಲ್ಲೇ ಇರುತ್ತಿತ್ತು, ಐವರು ನೌಕರರಿಗೂ ಗೊತ್ತಿತ್ತು.

"ನಮ್ಮ ಕೋಳಿಗೂಡೇ ವಾಸಿ ಸಾ," ಎಂದ ಕಾನ್‌ಸ್ಟೇಬಲ್ ಮಾದೇಶ.

ಷಡಕ್ಷರಿ ರೋಗಿಗಳ ಪುಸ್ತಕ ತೆಗೆಸಿದರು. ತಿಂಗಳಿಗೆ ಅರವತ್ತು ಮಾತ್ರೆ, ಎರಡು ಹೊತ್ತು, ಊಟವಾದ ಮೇಲೆ. ತಿಂಗಳ ಕೊನೆಗೆ ನೌಕರರು ಮನೆಮನೆಗೆ ಹೋಗಿ ಬಾಟಲಿ ತಂದು, ಉಳಿದ ಮಾತ್ರೆ ಎಣಿಸಿ ಬರೆಯಬೇಕು. ಹನೂರು ಕಡೆಯ ಹಾಳೆಯಲ್ಲಿ ನಾಲ್ಕು, ನಾಲ್ಕು, ಐದು, ನಾಲ್ಕು. ಯಳಂದೂರು ಕಡೆಯ ಹದಿನೈದು ಮಂದಿಗೆ ನಾಲ್ಕು ತಿಂಗಳಿಂದ ಬರೀ ಸೊನ್ನೆ.

"ಅದು ನಟರಾಜು ನೋಡಿಕೊಳ್ಳೋ ಊರುಗಳು. ಅವನ ರೋಗಿಗಳು ತುಂಬ ಶಿಸ್ತು," ಎಂದರು ಮಾಲಿನಿ.

ಷಡಕ್ಷರಿಯವರ ತಾಯಿಗೆ ಸೋಮವಾರ ಒಪ್ಪತ್ತು. ರಾತ್ರಿ ಉಣ್ಣುತ್ತಿರಲಿಲ್ಲ, ಊಟದ ಮೇಲೆ ನುಂಗಬೇಕಾದ ಬಿಪಿ ಮಾತ್ರೆಯನ್ನೂ ಮುಟ್ಟುತ್ತಿರಲಿಲ್ಲ. ಹೇಳಿ ಹೇಳಿ ಮಗ ಸೋತಿದ್ದರು. ಮನೆಮನೆಯಲ್ಲೂ ಸೋಮವಾರದ ಒಪ್ಪತ್ತು ಹಿಡಿಯುವ ಈ ಸೀಮೆಯಲ್ಲಿ ಶಿಸ್ತಿನವರ ಬಾಟಲಿಯಲ್ಲಿ ತಿಂಗಳಿಗೆ ನಾಲ್ಕು ಮಾತ್ರೆ ಉಳಿಯಲೇಬೇಕು.

ಮಧ್ಯಾಹ್ನ 2.15ಕ್ಕೆ ಯಳಂದೂರಿನ ಹತ್ತಿರದ ಹಳ್ಳಿಯಲ್ಲಿ ಚನ್ನಮಲ್ಲಮ್ಮ ಎಂಬ ರೋಗಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಸೋಮವಾರ ರಾತ್ರಿ ಮಾತ್ರೆ ನುಂಗ್ತೀರಾ?" ಷಡಕ್ಷರಿ ಕೇಳಿದರು.

"ಉಣ್ಣದೆ ಎಂಗಪ್ಪ ನುಂಗದು? ನಿಮ್ಮವ್ವ ಕಲಿಸ್ನಿಲ್ವಾ?"

"ಕಲಿಸಿದ್ದಾಳೆ. ಉಳಿದದ್ದು ಏನ್ ಮಾಡ್ತೀರಿ?"

"ನಟರಾಜುಗೆ ಕೊಡ್ತೀನಿ. ಒಳ್ಳೆ ಉಡುಗ. ಒಂದೂ ಬಿಸಾಡಬೇಡಿ ಅಜ್ಜಿ ಅಂತಾನೆ."

ಜೀಪಿನಲ್ಲಿ ಮಾದೇಶ ಬೆರಳು ಮಡಚಿದ. ಹದಿನೈದು ಮಂದಿ, ನಾಲ್ಕು ಸೋಮವಾರ, ಅರವತ್ತು. "ಒಬ್ರಿಗೆ ಒಂದ್ ತಿಂಗಳಿಗೆ ಸರಿಯಾಯ್ತು ಸಾ. ಪ್ರಯೋಗ ನಿಂತ್ಮೇಲೆ ಉಳಿಕೆ ಎಲ್ಲಿ ಬಂದದು? ಬಾಟಲಿಗೇ ಕೈ ಆಕವ್ನೆ."

ನಟರಾಜುವಿನ ಮನೆ ಹನೂರಿನಾಚೆ, ಲೊಕ್ಕನಹಳ್ಳಿಯಲ್ಲಿ. ಕೊಳ್ಳೇಗಾಲದಲ್ಲಿ ಮಹಿಳಾ ಕಾನ್‌ಸ್ಟೇಬಲ್ ವೀರಮ್ಮನನ್ನು ಹತ್ತಿಸಿಕೊಂಡು ಅವರು ತಲುಪಿದಾಗ 4.50. ಹೆಂಡತಿ ದಿವ್ಯ ಏಳು ತಿಂಗಳ ಕೂಸಿಗೆ ಹಾಲೂಡಿಸುತ್ತಿದ್ದಳು. ಎಡಗೈಯ ಚರ್ಮ ಮೊಣಕೈವರೆಗೆ ಸುಟ್ಟು ಸುಕ್ಕಾಗಿತ್ತು. ಕಣ್ಣು ನಸುಹಳದಿ.

"ಎಷ್ಟು ದಿನದಿಂದ ಮಾತ್ರೆ ತಗೊಳ್ತಿದ್ದೀಯಮ್ಮ?"

"ನಾಕ್ ತಿಂಗ್ಳಾಯ್ತು ಸಾ. ಡಾಕ್ಟ್ರು ಕೊಟ್ರು ಅಂತ ತಂದ್ರು. ಒಂದ್ಸಲಾನೂ ಬಿದ್ದಿಲ್ಲ."

ಹಿತ್ತಲಿನಿಂದ ಬಂದ ನಟರಾಜು ಪೊಲೀಸರನ್ನು ಕಂಡು ಅಕ್ಕಿಡಬ್ಬದಿಂದ ಎರಡು ಬಾಟಲಿ ತಂದಿಟ್ಟ. ಒಂದರ ಮುಚ್ಚಳ ತೆಗೆದಿತ್ತು. ಇಬ್ಬರು ಪಂಚರ ಮುಂದೆ ವಶಪಡಿಸಿಕೊಂಡು ಸೀಲು ಹಾಕಿದರು.

"ಪ್ರಯೋಗ ಯಾಕೆ ನಿಂತಿತು ಗೊತ್ತಾ?" ಷಡಕ್ಷರಿ ಕೇಳಿದರು.

"ಕಂಪನಿಯೋರ್ಗೆ ಲಾಭ ಇಲ್ಲದೆ ನಿಲ್ಸಿರ್ತಾರೆ."

ಷಡಕ್ಷರಿ ಕಾರಣ ಹೇಳಿದರು. ನಟರಾಜು ಹೆಂಡತಿಯ ಕಣ್ಣನ್ನೇ ನೋಡುತ್ತ ನಿಂತ. "ಹಾಲ್ನಲ್ಲೂ ಓಯ್ತದಾ ಸಾ?"

5.40ಕ್ಕೆ ದಸ್ತಗಿರಿ. ತಾಯಿ, ಮಗು ಇಬ್ಬರನ್ನೂ ವೀರಮ್ಮನ ಜೊತೆ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕಳಿಸಿದರು.

ಹೇಳಿಕೆಯಲ್ಲಿ ನಟರಾಜು ನಡೆದದ್ದನ್ನು ಬರೆಸಿದ. ನವೆಂಬರಿನಲ್ಲಿ ದಿವ್ಯ ಮಗುವನ್ನು ಎತ್ತಿಕೊಂಡೇ ಒಲೆಯ ಮುಂದೆ ಬಿದ್ದಿದ್ದಳು. ಅವಳ ಕೈ ಬೆಂಕಿಗೆ, ಮಗು ಗೇಣು ದೂರಕ್ಕೆ. ಹಳೆಯ ಮಾತ್ರೆ ಯಾವುದೂ ಹಿಡಿದಿರಲಿಲ್ಲ. ಪ್ರಯೋಗಕ್ಕೆ ಅವಳನ್ನು ಸೇರಿಸಲು ಕೇಳಿದ. "ಹಾಲೂಡಿಸೋರನ್ನ ತಗೊಳ್ಳಂಗಿಲ್ಲ ಅಂತ ನಿಯಮ ಇತ್ತು ಸಾ. ಯಾಕೆ ಅಂತ ಬರ್ದಿರ್ಲಿಲ್ಲ."

ಮಗುವಿನ ರಕ್ತ ಸರಿಯಾಗಿತ್ತು. ದಿವ್ಯಳ ಲಿವರ್ ಸುಧಾರಿಸಬಹುದು ಎಂದರು ವೈದ್ಯರು. ಮಾತ್ರೆ ನಿಂತಿತು. ಗುರುವಾರ ಬೆಳಿಗ್ಗೆ 8.10ಕ್ಕೆ, ಆಸ್ಪತ್ರೆಯ ವರಾಂಡದಲ್ಲಿ ಅವಳು ಮತ್ತೆ ಬಿದ್ದಳು. ಮಗು ವೀರಮ್ಮನ ತೋಳಿನಲ್ಲಿತ್ತು.