ಶಿಕಾಗೋದೊಳಗಿನ ಸೋಲಾಪುರ

ಅನುಜಾಳ ವಿಮಾನ ಆ ಸಂಜೆ ಮೂರನೆಯ ಸಲ ನೀರಿಗೆ ಬಿತ್ತು.

"ಮತ್ತ ಮುಳುಗಿದೇನ?" ಮಂಚದ ಮೇಲಿಂದ ಮುತ್ಯಾ ಕೇಳಿದ.

"ಮುಳುಗಿಲ್ಲ. ಕ್ರ್ಯಾಶ್ ಆತು."

"ಎರಡೂ ಒಂದ. ಒಳಗ ಕುಂತವರಿಗಿ ಏನೂ ಫರಕ್ ಬೀಳೂದಿಲ್ಲ."

ಮುತ್ಯಾ ಅಂದರೆ ಅನುಜಾಳ ಅಜ್ಜ, ಕಲ್ಯಾಣಪ್ಪ. ಕಣ್ಣಿನ ಆಪರೇಶನ್‌ಗೆಂದು ಹನ್ನೂರಿನಿಂದ ಸೋಲಾಪುರಕ್ಕೆ ಬಂದು ಹತ್ತು ದಿನವಾಗಿತ್ತು. ಮುಖದ ಅರ್ಧ ಮುಚ್ಚುವಂಥ ಕಪ್ಪು ಚಷ್ಮಾ ಹಾಕಿಕೊಂಡಿದ್ದ. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ. ಬೈಯೋಣವೆಂದರೆ ಇಲ್ಲಿ ಎಮ್ಮೆಯೂ ಇಲ್ಲ. ಆದ್ದರಿಂದ ದಿನವಿಡೀ ಮೊಮ್ಮಗಳನ್ನೇ ಬೈಯುತ್ತಿದ್ದ.

ಕಂಪ್ಯೂಟರ್ ಅಪ್ಪನದು. ಅಪ್ಪ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರ್ಖಾನೆಗಳಿಗೆ ಚಾದರದ ಡಿಸೈನ್ ಮಾಡಿಕೊಡುತ್ತಿದ್ದರು. ನವಿಲು, ಕಮಲ, ಮತ್ತೆ ನವಿಲು. ಅದಕ್ಕೆಂದು ತಂದ ಕಂಪ್ಯೂಟರಿನೊಳಗೆ ಅಣ್ಣ ಪರಾಗ ಯಾರದೋ ಫ್ಲಾಪಿಗಳಿಂದ ವಿಮಾನದ ಗೇಮ್ ತುಂಬಿದ್ದ.

ಗೇಮ್ ಶುರುವಾದಾಗಲೆಲ್ಲ ವಿಮಾನ ಅಮೆರಿಕದ ಶಿಕಾಗೋದಲ್ಲೇ ನಿಂತಿರುತ್ತಿತ್ತು. ರನ್‌ವೇ ಮುಗಿದರೆ ಸಾಕು, ಸಮುದ್ರದಂಥ ಕೆರೆ.

"ಆ ದರಿದ್ರ ಊರಿಂದ ಯಾಕ ಬಿಡ್ತಿ? ನಮ್ಮ ಊರಿಂದ ಬಿಡು," ಎಂದ ಮುತ್ಯಾ.

ಅನುಜಾಳ ತಲೆಬಿಸಿಯೂ ಅದೇ ಆಗಿತ್ತು.

ಆಗಿದ್ದು ಇಷ್ಟು. ಐದನೆಯ ಇಯತ್ತೆಯಲ್ಲಿ ಅವಳ ಪಕ್ಕ ಕೂರುವ ಗೋಪಿಕಾ ರಜೆಯಲ್ಲಿ ಮುಂಬಯಿಯಿಂದ ದಿಲ್ಲಿಗೆ ವಿಮಾನದಲ್ಲಿ ಹೋಗಿ ಬಂದಿದ್ದಳು. ವಿಮಾನದಲ್ಲಿ ಕೊಟ್ಟ ಚಾಕೊಲೇಟಿನ ಕಾಗದವನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. ದಿನಕ್ಕೆ ನಾಲ್ಕು ಸಲ ತೆಗೆದು ಮೂಸುತ್ತಿದ್ದಳು. ಬೇರೆಯವರಿಗೂ ಮೂಸಲು ಕೊಡುತ್ತಿದ್ದಳು, ಆದರೆ ಮುಟ್ಟುವಂತಿರಲಿಲ್ಲ.

ಗುರುವಾರ ಅನುಜಾಳಿಗೆ ತಡೆಯಲಾಗಲಿಲ್ಲ.

"ನೀ ಬರೇ ಕುಂತು ಬಂದಿ. ನಾ ದಿನಾ ವಿಮಾನ ಹಾರಸ್ತೀನಿ, ನಮ್ಮ ಕಂಪ್ಯೂಟರ್‌ನ್ಯಾಗ. ಸೋಲಾಪುರದ ಮ್ಯಾಲ. ನಿಮ್ಮ ಗಚ್ಚಿ ಮ್ಯಾಲ ಒಣಾಕ ಹಾಕಿದ್ದ ಅರಿವಿನೂ ಕಾಣತಾವ."

"ಹೌದಾ? ಏನ ಅರಿವಿ?"

"ಹಳದಿ ಚಡ್ಡಿ."

ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಗೋಪಿಕಾ ನಗಲಿಲ್ಲ.

"ಐತವಾರ ನಿಮ್ಮ ಮನಿಗಿ ಬರ್ತೀನಿ. ತೋರಸು."

ಸೋಲಾಪುರದಿಂದ ವಿಮಾನ ಹಾರಿಸುವ ದಾರಿಯೇನೋ ಇತ್ತು. ಭೂಗೋಳದ ಅಕ್ಷಾಂಶ ರೇಖಾಂಶಗಳನ್ನು ಟೈಪ್ ಮಾಡಿದರೆ ವಿಮಾನ ಆ ಜಾಗದಲ್ಲಿ ಹೋಗಿ ನಿಲ್ಲುತ್ತಿತ್ತು. ಅದಕ್ಕೊಂದು ಹೆಸರು ಕೊಟ್ಟು ಸೇವ್ ಮಾಡಿಟ್ಟರೆ, ಮುಂದಿನ ಸಲ ಆ ಹೆಸರು ಒತ್ತಿದ ಕೂಡಲೇ ಅಲ್ಲಿಂದಲೇ ಆಟ ಶುರು. ಪರಾಗ ಹೀಗೆ ಹತ್ತಾರು ಜಾಗ ಸೇವ್ ಮಾಡಿದ್ದ.

ಅನುಜಾ ಶಾಲೆಯ ಅಟ್ಲಾಸ್ ತೆಗೆದು, ಸ್ಕೇಲ್ ಇಟ್ಟು ಸೋಲಾಪುರದ ನಂಬರ್ ಹುಡುಕಿದಳು. ಟೈಪ್ ಮಾಡಿದಳು. ಕಂಪ್ಯೂಟರ್ ಹಿಟ್ಟಿನ ಗಿರಣಿಯಂತೆ ಗರಗರ ಎಂದಿತು. ಆಮೇಲೆ ತೆರೆಯ ಮೇಲೆ ಸೋಲಾಪುರ ಬಂತು.

ಕೆಳಗೆ ಹಸಿರು. ಮೇಲೆ ನೀಲಿ. ಅಷ್ಟೇ.

ರಸ್ತೆಯಿಲ್ಲ, ಕೆರೆಯಿಲ್ಲ, ಸ್ಟೇಶನ್ನಿಲ್ಲ. ಗೋಪಿಕಾಳ ಗಚ್ಚಿಯೂ ಇಲ್ಲ, ಚಡ್ಡಿಯೂ ಇಲ್ಲ. ಗೇಮ್ ಮಾಡಿದವರು ಶಿಕಾಗೋದ ಒಂದೊಂದು ಕಟ್ಟಡವನ್ನೂ ಬಿಡಿಸಿ, ಸೋಲಾಪುರಕ್ಕೆ ಬರುವಷ್ಟರಲ್ಲಿ ಸುಸ್ತಾಗಿ ಮಲಗಿಬಿಟ್ಟಿದ್ದರು.

ಅನುಜಾ ಶನಿವಾರ ಮಧ್ಯಾಹ್ನದವರೆಗೆ ಯೋಚಿಸಿದಳು. ಆಮೇಲೆ ಶಿಕಾಗೋದಿಂದಲೇ ವಿಮಾನ ಎಬ್ಬಿಸಿದಳು. ಒಂದು ಕಡೆ ಕೆರೆ, ಇನ್ನೊಂದು ಕಡೆ ಎತ್ತರದ ಕಟ್ಟಡಗಳು ಕಾಣುವಲ್ಲಿಗೆ ತಂದು, ಅಲ್ಲೇ ಆಟ ನಿಲ್ಲಿಸಿದಳು. ಆ ಜಾಗವನ್ನು ಸೋಲಾಪುರ ಎಂಬ ಹೆಸರಿನಲ್ಲಿ ಸೇವ್ ಮಾಡಿದಳು.

"ಇದು ಖೋಟಾ ಧಂದೆ ಆತಲ್ಲ," ಎಂದ ಮುತ್ಯಾ.

"ನಾಳಿ ನೀ ಬಾಯಿ ಬಿಡಬ್ಯಾಡ ಮುತ್ಯಾ."

"ನನಗ ಕಣ್ಣ ಕಾಣೂದಿಲ್ಲ. ನಾ ಏನ ಹೇಳ್ಲಿ?"

ಭಾನುವಾರ ಗೋಪಿಕಾ ಹೊಸ ಫ್ರಾಕ್ ಹಾಕಿಕೊಂಡು ಬಂದಳು. ಜೊತೆಗೆ ಪೂರ್ವಾಳನ್ನು ಕರೆತಂದಿದ್ದಳು. ಪೂರ್ವಾ ಜೂನ್‌ನಲ್ಲಿ ಅಕ್ಕಲಕೋಟದಿಂದ ಬಂದು ಇಲ್ಲಿ ಮಾವಶಿಯ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದಳು. ಗೋಪಿಕಾಳ ಪಕ್ಕದ ಮನೆ. ಕ್ಲಾಸಿನಲ್ಲಿ ಹಾಜರಿ ಹೇಳಲು ಬಿಟ್ಟರೆ ಅವಳ ಬಾಯಿ ತೆರೆದಿದ್ದನ್ನು ಯಾರೂ ಕಂಡಿರಲಿಲ್ಲ.

ಅನುಜಾಳ ಅಮ್ಮ, ಆಯಿ, ಎಲ್ಲರಿಗೂ ಚುರುಮುರಿ ಕೊಟ್ಟು, "ಕೀಬೋರ್ಡಿಗಿ ಎಣ್ಣಿ ಕೈ ಹಚ್ಚಿದ್ರ ನೋಡ್ರಿ ಮತ್ತ," ಎಂದು ಒಳಗೆ ಹೋದರು.

ಅನುಜಾ ಸೋಲಾಪುರವನ್ನು ಒತ್ತಿದಳು. ಕೆರೆ ಬಂತು, ಕಟ್ಟಡಗಳು ಬಂದವು.

"ಇದ್ಯಾವ ಕೆರಿ?" ಎಂದಳು ಗೋಪಿಕಾ.

"ಸಿದ್ದೇಶ್ವರ ಕೆರಿ."

"ನಡುವಿನ ಗುಡಿ ಎಲ್ಲಿ?"

"ಅದು... ಮ್ಯಾಲಿಂದ ಸಣ್ಣದ ಕಾಣತದ."

"ಸಣ್ಣದೂ ಕಾಣವಲ್ದು."

ಮಂಚದ ಮೇಲೆ ಮುತ್ಯಾ ಕೆಮ್ಮಿದ. "ನೀರು ಭಾಳ ಬಂದಾಗ ತೆಗೆದ ಫೋಟೋ ಇರಬೇಕವ್ವಾ. ಗುಡಿ ಒಳಗ ಅದ."

ಅನುಜಾ ಬೆರಗಾಗಿ ತಿರುಗಿ ನೋಡಿದಳು. ಕಪ್ಪು ಚಷ್ಮಾ ಗಂಭೀರವಾಗಿತ್ತು.

"ಈ ಎತ್ತರದ್ದು?"

"ಮಿಲ್ಲಿನ ಚಿಮಣಿ," ಎಂದಳು ಅನುಜಾ.

"ಚಿಮಣಿಗಿ ಕಿಟಕಿ ಯಾಕ ಅದಾವ?"

"ಹೊಗಿ ಹೊರಗ ಹೋಗಬೇಕಲ್ಲ!" ಮುತ್ಯಾ ಎದ್ದು ಕುಳಿತ. ಹತ್ತು ದಿನದಲ್ಲಿ ಅವನು ಇಷ್ಟು ಖುಷಿಯಾಗಿದ್ದು ಇದೇ ಮೊದಲು. "ನನ್ನ ಲಗ್ನದಾಗ ಆ ಚಿಮಣಿ ತುದಿಗಿ ನಿಂತು ಬ್ಯಾಂಡ್ ಬಾರಿಸಿದ್ರು. ಹನ್ನೂರ ತನಕ ಕೇಳಿಸ್ತು. ಢೋಲ್ ಬಾರಿಸಾವ ಇಳಿಯಾಕ ಹೆದರಿ ಎರಡು ದಿನ ಅಲ್ಲೇ ಇದ್ದ."

ಗೋಪಿಕಾ ತೆರೆಯನ್ನೂ ಮುತ್ಯಾನನ್ನೂ ನೋಡಿದಳು. ಇಷ್ಟು ವಯಸ್ಸಾದವರು, ಅದೂ ಆಪರೇಶನ್ ಆದವರು, ಸುಳ್ಳು ಹೇಳುತ್ತಾರೆಯೇ? "ಹೂಂ," ಎಂದಳು ಮೆಲ್ಲಗೆ.

ಅನುಜಾಳ ಎದೆ ಗಾಳಿಪಟದಂತೆ ಮೇಲೇರಿತು.

ಆಗ ಪೂರ್ವಾ ಕುರ್ಚಿಯ ಹಿಂದಿನಿಂದ ಮುಂದೆ ಬಂದಳು.

"ಅಕ್ಕಲಕೋಟನೂ ಕಾಣತದೇನು?"

ಎಲ್ಲರೂ ಅವಳತ್ತ ನೋಡಿದರು.

"ನಮ್ಮ ಅಪ್ಪಾ ಐತವಾರ ಈ ಹೊತ್ತಿಗಿ ಗಚ್ಚಿ ಮ್ಯಾಲ ಪೇಪರ್ ಓದಕೋತ ಕುಂತಿರ್ತಾರ." ಅವಳ ಮೂಗು ಗಾಜಿಗೆ ತಾಗುವಷ್ಟು ಹತ್ತಿರವಿತ್ತು. ದೂರದ ಒಂದು ಚಪ್ಪಟೆ ಕಟ್ಟಡದ ಮೇಲೆ ಬೆರಳಿಟ್ಟಳು. "ಅದು ಈ ಕಡೆ ಬರತದೇನು? ಇದೇನು?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅನುಜಾ ಮುತ್ಯಾನತ್ತ ನೋಡಿದಳು. ಮುತ್ಯಾ ಚಷ್ಮಾ ತೆಗೆದು ಧೋತರದ ತುದಿಯಿಂದ ಒರೆಸತೊಡಗಿದ.

ಪೂರ್ವಾಳ ಬೆರಳು ಇನ್ನೂ ಆ ಕಟ್ಟಡದ ಮೇಲೇ ಇತ್ತು.

"ಅದು ಶಿಕಾಗೋ," ಎಂದಳು ಅನುಜಾ. "ಎಲ್ಲಾನೂ ಶಿಕಾಗೋ. ಹೆಸರು ಅಷ್ಟ ನಾ ಸೋಲಾಪುರ ಅಂತ ಹಾಕೀನಿ."

"ನಂಗ ಮೊದಲೇ ಗೊತ್ತಿತ್ತು!" ಗೋಪಿಕಾ ಕುಣಿದಳು. "ಖೋಟಾರ್ಡಿ! ನಾಳಿ ಇಡೀ ಕ್ಲಾಸಿಗಿ ಹೇಳ್ತೀನಿ."

"ಗೊತ್ತಿದ್ರ ಚಿಮಣಿಗಿ ಹೂಂ ಯಾಕ ಅಂದಿ?" ಎಂದ ಮುತ್ಯಾ.

"ನೀವು ಹೇಳಿದ್ರಿ ಅಂತ!"

"ನಾ ಕಣ್ಣ ಕಾಣದ ಮುದುಕ. ನನ್ನ ಮಾತು ಕೇಳ್ತಾರೇನವ್ವಾ?"

ಗೋಪಿಕಾ ಒಂದು ಹಿಡಿ ಚುರುಮುರಿ ತೆಗೆದುಕೊಂಡು, ಚಪ್ಪಲಿ ಪಟಪಟ ಬಡಿಯುತ್ತ ಹೊರಟುಹೋದಳು.

ಪೂರ್ವಾ ಹೋಗಲಿಲ್ಲ.

"ಖರೇ ಅಕ್ಕಲಕೋಟ ಇದರಾಗ ಇಲ್ಲೇನು?"

"ಅದ. ಆದ್ರ ಅಲ್ಲಿ ಏನೂ ಇಲ್ಲ. ಬರೇ ಹಸಿರು."

"ತೋರಸು."

ಅನುಜಾ ಅಟ್ಲಾಸ್ ತೆಗೆದಳು. ಇಬ್ಬರೂ ಸ್ಕೇಲ್ ಹಿಡಿದು ನಂಬರ್ ಹುಡುಕಿ ಟೈಪ್ ಮಾಡಿದರು. ಕಂಪ್ಯೂಟರ್ ಗರಗರ ಎಂದಿತು. ಹಸಿರು ನೆಲದ ಮೇಲೆ ವಿಮಾನವೊಂದೇ ನಿಂತಿತ್ತು.

"ಇದ?" ಎಂದಳು ಪೂರ್ವಾ.

"ನಂಬರ್ ಖರೇ ಅದಾವ."

ಪೂರ್ವಾ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. "ಸೇವ್ ಮಾಡೂಣು," ಎಂದಳು. ಹೆಸರಿಗೆ ಇಂಗ್ಲಿಷಿನ ಎಂಟೇ ಅಕ್ಷರ ಹಿಡಿಸುತ್ತಿದ್ದವು. ಅಕ್ಕಲಕೋಟ ಸರಿಯಾಗಿ ಎಂಟು. ಪೂರ್ವಾ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದಳು. ಕೆ ಅನ್ನು ಮೂರು ಸಲವೂ ಹೊಸದಾಗಿ ಹುಡುಕಿದಳು.

"ಈಗ ಇಲ್ಲಿಂದ ಸೋಲಾಪುರಕ್ಕ ಹಾರಸು," ಎಂದ ಮುತ್ಯಾ. "ಮುಂಜಾನಿ ಎಸ್‌ಟಿ ಬಸ್ಸಿಗಿ ಬರೂಮುಂದ ಬಿಸಿಲು ಬೆನ್ನಿಗಿ ಹೊಡೀತದ. ಬಿಸಿಲಿಗಿ ಬೆನ್ನ ಹಚ್ಚಿ, ಒಂಚೂರು ಬಲಕ್ಕ ಹೊಡಿ."

ಅನುಜಾ ಎಂಜಿನ್ ನೋಡಿಕೊಂಡಳು, ಪೂರ್ವಾ ಬಾಣದ ಕೀಗಳನ್ನು. ವಿಮಾನ ಕುಡಿದವನಂತೆ ತೂರಾಡುತ್ತ ಎದ್ದಿತು. "ಹಗ್ಗ ಜಗ್ಗಬ್ಯಾಡ! ಸಡಿಲ ಬಿಡು!" ಎಂದು ಮುತ್ಯಾ ಎತ್ತಿನ ಗಾಡಿ ಹೊಡೆಯುವವನಂತೆ ಕೂಗಿದ. ಕೆಳಗೆ ಹಸಿರು ಸರಿಯುತ್ತಿತ್ತೋ ನಿಂತಿತ್ತೋ ತಿಳಿಯುತ್ತಿರಲಿಲ್ಲ. ತೆರೆಯ ಮೂಲೆಯಲ್ಲಿ ನಂಬರ್ ಮಾತ್ರ ಒಂದೊಂದಾಗಿ ಬದಲಾಗುತ್ತಿದ್ದವು.

ಕೊನೆಗೆ ಅವು ಅಟ್ಲಾಸಿನಿಂದ ಹುಡುಕಿದ್ದ ಸೋಲಾಪುರದ ನಂಬರಿಗೆ ಹೊಂದಿದವು.

"ಬಂತು," ಎಂದಳು ಅನುಜಾ. "ಸೋಲಾಪುರ."

ಪೂರ್ವಾ ಗೋಡೆಯ ಗಡಿಯಾರ ನೋಡಿದಳು. "ಹನ್ನೊಂದು ನಿಮಿಷ." ಮತ್ತೆ ನೋಡಿದಳು. "ಇಷ್ಟ ದೂರೇನು?"

"ಎಸ್‌ಟಿಗಿ ಒಂದು ತಾಸು ಹಿಡೀತದವ್ವಾ," ಎಂದ ಮುತ್ಯಾ.

"ಒಂದ ತಾಸು." ಪೂರ್ವಾ ತೆರೆಗೇ ಹೇಳುವಂತೆ ಹೇಳಿದಳು. "ನಮ್ಮ ಅಪ್ಪಾ ಅಂತಾರ, ಭಾಳ ದೂರ ಅದ, ಬರಾಕ ಆಗೂದಿಲ್ಲ ಅಂತ. ನನ್ನ ಇಲ್ಲಿ ಬಿಟ್ಟು ಹೋದ ಮ್ಯಾಲ ಒಂದ ಸಲ ಬಂದಾರ."

ಅನುಜಾಳ ನಾಲಗೆಯ ತುದಿಗೆ ಹತ್ತು ಉತ್ತರಗಳು ಬಂದವು. ಎಸ್‌ಟಿ ಕೆಟ್ಟಿರಬಹುದು. ಆಫೀಸಿನಲ್ಲಿ ಕೆಲಸ ಇರಬಹುದು. ರಸ್ತೆ ಅಗೆದಿರಬಹುದು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಯಾವುದನ್ನು ಹೇಳಿದರೂ ಪೂರ್ವಾ ಹೂಂ ಎನ್ನುತ್ತಿದ್ದಳು.

ಅನುಜಾ ಕುರ್ಚಿಯಲ್ಲಿ ಅಂಚಿಗೆ ಸರಿದು, ಪೂರ್ವಾಳಿಗೆ ಇನ್ನಷ್ಟು ಜಾಗ ಮಾಡಿದಳು.

"ಅಕ್ಕಲಕೋಟಕ್ಕ ತಿರುಗಿ ಹೋಗೂಣೇನು?"

ಪೂರ್ವಾ ತಲೆಯಾಡಿಸಿದಳು. ಯಾವ ಕಡೆ ತಿರುಗಿಸಬೇಕೆಂದು ಹೇಳಲು ಅನುಜಾ ಬಾಯಿ ತೆರೆಯುವಷ್ಟರಲ್ಲಿ, ವಿಮಾನ ಆಗಲೇ ತಿರುಗತೊಡಗಿತ್ತು.