ಎರಡು ಹತ್ತೂವರೆ

ಹದಿನೈದು ದಿನದಿಂದ ರಂಜಿತ, ಶ್ರೀಕರ ಇಬ್ಬರೂ ರಾಡಾರಿನ ಸಿಗ್ನಲ್ ವಿಷಯ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಜೊತೆಗೆ ಕೆಲಸ ಮಾಡುವ ಶ್ರೀಕರ ಅದಕ್ಕೂ ಮುಂಚೆ ಒಂದು ದಿನ ಇದೇ ರಾಡಾರ್ ಕೋಣೆಯಲ್ಲಿ ಅವಳನ್ನು ಕೇಳಿದ್ದ: "ಭಾನುವಾರ ಹತ್ತೂವರೆಗೆ ಮದ್ದೂರು ಬಸ್ ಸ್ಟ್ಯಾಂಡಿಗೆ ಬರ್ತೀರಾ? ಕೆಲಸದ ವಿಷಯ ಅಲ್ಲ." ರಂಜಿತ ಹೋಗಿದ್ದಳು. ಅವನಿರಲಿಲ್ಲ. ಮರುದಿನ ಅವನೇ ಮುಖ ತಿರುಗಿಸಿಕೊಂಡು ಕೂತ. ಕೇಳುವ ಬಾಯಿ ಅವಳಿಗಿರಲಿಲ್ಲ. ಡೈರಿಯಲ್ಲಿ ಮಾತ್ರ ನಾಲ್ಕು ಪುಟ ಬೈದಿದ್ದಳು.

ಈಗ ಐದು ದಿನದ ವಿಶ್ವ ವೀಕ್ಷಣೆ. ಧ್ರುವದ ಹಿಮದಿಂದ ಮಳವಳ್ಳಿಯ ಈ ಕಬ್ಬಿನ ಗದ್ದೆಯ ಅಂಚಿನವರೆಗೆ, ಅಷ್ಟೂ ರಾಡಾರುಗಳು ಒಂದೇ ಗಳಿಗೆಯಲ್ಲಿ ಮೇಲಿನ ವಾಯುಮಂಡಲವನ್ನು ನೋಡಬೇಕು. ಇಂಥ ಕೆಲಸಕ್ಕೆಂದೇ ಗೋಡೆಯ ಗಡಿಯಾರದಲ್ಲಿ ಯಾವಾಗಲೂ ಎಲ್ಲ ದೇಶಕ್ಕೂ ಒಂದೇ ಆದ ವಿಶ್ವ ಸಮಯ. ಪಾಳಿಗೆ ಇಬ್ಬರು ಇರಲೇಬೇಕು. ಒಬ್ಬರು ಎದ್ದುಹೋದರೆ ಯಂತ್ರ ನಿಲ್ಲಿಸಬೇಕು.

ಮೂರನೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಅಪ್ಪ ತಿಮ್ಮಯ್ಯ ಸೀರೆಯ ಕವರು ಹಿಡಿದು ಬಾಗಿಲಲ್ಲಿ ನಿಂತ.

"ಎದ್ದೇಳವ್ವ. ಮೂರಕ್ಕೆ ಗಂಡಿನ ಕಡೆಯೋರು ನೋಡಕ್ ಬತ್ತಾವ್ರೆ."

"ಬರಕ್ಕಾಗಲ್ಲ ಕಣಪ್ಪ. ಇದು ನಿಂತೋಯ್ತದೆ."

"ಆಕಾಸ ಎಲ್ಲಿಗೂ ಓಡೋಗಲ್ಲ. ಗಂಡು ಓಡೋಯ್ತಾನೆ."

"ಓಗ್ಲಿ ಬುಡು."

ತನ್ನ ದನಿಗೆ ತಾನೇ ಬೆಚ್ಚಿದಳು. ಶ್ರೀಕರ ಪರದೆಯಿಂದ ಕಣ್ಣು ತೆಗೆಯದೆ, "ನೀವು ಹೋಗಿ ರಂಜಿತ. ಯಾಕೆ ನಿಲ್ತು ಅಂತ ನಾನು ಬರ್ಕೊಡ್ತೀನಿ," ಅಂದ. ಅವನ ಕಿವಿ ಮಾತ್ರ ಕೆಂಪಾಗಿತ್ತು.

ತಿಮ್ಮಯ್ಯ ಗೋಡೆ ನೋಡಿದ. "ಏಳು ಗಂಟೆ ತೋರ್ಸ್ತಾ ಅದೆ. ಕೆಟ್ಟೋಗಿರೋ ಗಡಿಯಾರ ಇಟ್ಕಂಡು ಅದೇನ್ ನೋಡೀರಿ ಸ್ವಾಮಿ?"

"ಕೆಟ್ಟಿಲ್ಲಪ್ಪ. ಅದು ಲೋಕಕ್ಕೆಲ್ಲ ಒಂದೇ ಟೈಮು. ಅದ್ರಲ್ಲಿ ಹತ್ತೂವರೆ ಅಂದ್ರೆ ನಮ್ಗೆ ಸಾಯಂಕಾಲ ನಾಕು." ಅಪ್ಪನಿಗೆ ಹೇಳುತ್ತಲೇ ಅವಳು ಶ್ರೀಕರನ ಕಡೆ ತಿರುಗಿದಳು. "ನಾಲ್ಕಕ್ಕೆ ಬಂದಿದ್ದೆ. ಕೊನೇ ಬಸ್ಸಿನವರೆಗೂ ನಿಂತಿದ್ದೆ."

ಕೀಬೋರ್ಡಿನ ಮೇಲೆ ಅವನ ಬೆರಳುಗಳು ನಿಂತವು. "ನಾನು ಬೆಳಿಗ್ಗೆ ಬಂದು, ಎರಡು ಗಂಟೆ ಕಾದು..."

"ಇಲ್ಲಿ ಕೂತು ಹೇಳಿದ್ದು ಇಲ್ಲೀ ಟೈಮೇ ಅಲ್ವಾ?"

ಹದಿನೈದು ದಿನದ ಮೇಲೆ ಅವನು ಅವಳನ್ನು ನೇರ ನೋಡಿದ. ತುಟಿಯಂಚಿನ ನಗು ಕಣ್ಣಿಗೇರುವವರೆಗೂ ಅವಳು ತಲೆ ತಗ್ಗಿಸಲಿಲ್ಲ.

"ಹೋಗ್ಬೇಡಿ," ಅಂದ.

"ಯಂತ್ರ ನಿಲ್ಲುತ್ತೆ ಅಂತಾನಾ?"

"ಯಂತ್ರಕ್ಕಲ್ಲ."

ತಿಮ್ಮಯ್ಯ ಇಬ್ಬರನ್ನೂ ನೋಡಿದ. "ಅಯ್ನೋರ ಮನೆ ಹುಡ್ಗ ಕಣವ್ವ, ನಮ್ ಜಾತಿಯೋನಲ್ಲ. ಊರ್ನೋರು ಏನಂದಾರು?"

"ಅನ್ಲಿ."

"ಬತ್ತಾ ಇರೋರ್ಗೆ ಏನೇಳ್ಲಿ?"

"ಒಲ್ಲೆ ಅಂದ್ಲು ಅನ್ನು. ಸೀರೆ ಬುಟ್ಟೋಗಪ್ಪ. ಭಾನುವಾರ ಹತ್ತೂವರೆಗೆ ಉಟ್ಕಂಡು ಮದ್ದೂರಿಗೆ ಓಯ್ತೀನಿ."

ತಿಮ್ಮಯ್ಯ ಗೋಡೆಯ ಗಡಿಯಾರವನ್ನು ಇನ್ನೊಮ್ಮೆ ನೋಡಿದ. ಆಮೇಲೆ ಕವರನ್ನು ಕುರ್ಚಿಗೆ ನೇತುಹಾಕಿ ಹೊರಟುಹೋದ.

ರಂಜಿತ ಲಾಗ್ ಪುಸ್ತಕದಲ್ಲಿ ಬರೆದಳು: ಏಳು ಇಪ್ಪತ್ತು. ವೀಕ್ಷಣೆ ನಿಂತಿಲ್ಲ.

"ರಂಜಿತ," ಶ್ರೀಕರ ಮೆಲ್ಲಗೆ ಕೇಳಿದ, "ಯಾವ ಹತ್ತೂವರೆ?"

"ಎರಡೂ. ಬೆಳಗಿನದಕ್ಕೆ ಬಂದು, ಸಾಯಂಕಾಲದ್ದು ಮುಗಿಸ್ಕೊಂಡೇ ಹೋಗೋದು."